ಸುಡದ ಅಕ್ಕಿಕಾಳು

“ಮುಟ್ಟಬೇಡಿ ಮುನಿರಾಮಣ್ಣ, ನೋಡ್ಕೊಳ್ಳಿ ಅಷ್ಟೆ,” ಅಂದ ಸಬ್‌ಇನ್‌ಸ್ಪೆಕ್ಟರ್ ಕದಿರೇಶ.

“ಮುಟ್ಟಲ್ಲ ಕಣಪ್ಪ. ಮಹಜರು ಬರೆಯೋದು ನಿಂಗೆ ಕಲಿಸಿಕೊಟ್ಟೋನೇ ನಾನು,” ಅಂದು ಮುನಿರಾಮಪ್ಪ ಜೇಬಿನಿಂದ ಭೂತಗನ್ನಡಿ ತೆಗೆದ.

ಠಾಣೆಯ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಅದನ್ನು ಇಟ್ಟಿದ್ದರು. ಅಂಗೈಯಗಲದ ದಪ್ಪ ತಾಮ್ರದ ಬಿಲ್ಲೆ. ಅದರ ಬೆನ್ನ ಮೇಲೆ ಒತ್ತೊತ್ತಾಗಿ ಎದ್ದು ನಿಂತ ನಲವತ್ತೆಂಟು ರೆಕ್ಕೆಗಳು. ಒಂದೊಂದೂ ವೀಳ್ಯದೆಲೆಯಷ್ಟು ತೆಳು. ಎರಡರ ನಡುವೆ ಉಗುರು ತೂರುವಷ್ಟೇ ಸಂದು. ಮೈಯೆಲ್ಲ ಮಸಿ ಮೆತ್ತಿತ್ತು. ಆದರೂ ಕಿಟಕಿಯ ಬೆಳಕು ಬಿದ್ದ ಕಡೆ ಅದು ಒಳಗಿನಿಂದ ಕೆಂಪಗೆ ಉಸಿರಾಡುವ ಹಾಗೆ ಕಾಣುತ್ತಿತ್ತು.

ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆಗುವವರೆಗಿನ ಮೂವತ್ತಮೂರು ವರ್ಷದಲ್ಲಿ ಮುನಿರಾಮಪ್ಪ ಇಂಥ ಮೇಜುಗಳ ಮೇಲೆ ಮಚ್ಚು ನೋಡಿದ್ದ, ಕಿತ್ತ ಸರ ನೋಡಿದ್ದ, ಸಾರಾಯಿ ಪ್ಯಾಕೆಟ್ಟಿನ ಗುಡ್ಡೆ ನೋಡಿದ್ದ. ಕೈ ಮುಗಿಯಬೇಕು ಅನ್ನಿಸಿದ ಮೊದಲ ಮುದ್ದೆಮಾಲು ಇದು.

ಸೋಮವಾರ ಮಧ್ಯಾಹ್ನ ಮಾಧವ್‌ನ ಕಂಪ್ಯೂಟರ್ ಸ್ಟುಡಿಯೋಗೆ ಬೆಂಕಿ ಬಿದ್ದು, ಬಾಗಿಲು ಕಾಯುತ್ತಿದ್ದ ಆಂಜಿ ಮೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ. ಆ ಕಂಪ್ಯೂಟರಿಗೆ ಈ ತಾಮ್ರ ಕೂರಿಸಿದ್ದ ಹುಡುಗ ವಂಶಿಕೃಷ್ಣ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಮಾಧವ್ ಕೂತು ಕಾಲು ಕುಣಿಸುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು. ಮೂರು ವರ್ಷದ ಕೆಲಸ ಬೂದಿಯಾದವನ ಶರಟು ಇಷ್ಟು ಬೆಳ್ಳಗಿದೆಯಲ್ಲ ಅಂತ ಮುನಿರಾಮಪ್ಪನಿಗೆ ಅನ್ನಿಸಿತು.

“ನಿಮ್ಮ ಮಷಿನ್‌ನಲ್ಲಿದ್ದಿದ್ದು ಇದೇ ತಾನೇ?”

“ಎಷ್ಟು ಸಲ ಹೇಳೋದು? ನಿನ್ನೆ ಮಹಜರಿಗೆ ಸಹಿ ಹಾಕಿದ್ದೀನಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಕಂಪನಿಯೋರೇ ಒಂದು ಫ್ಯಾನ್ ಕೊಟ್ಟಿರ್ತಾರೆ. ಅದನ್ನ ಕಿತ್ತು ಈ ಪಾತ್ರೆ ಅಂಗಡಿ ಸಾಮಾನು ಕೂರಿಸ್ದ. ಬೇಡ ಕಣೋ ಅಂದೆ. ಕೇಳ್ಳಿಲ್ಲ. ಕಾದು ಹತ್ಕೊಂಡಿತು.”

“ಹೌದಾ,” ಅಂತ ಮುನಿರಾಮಪ್ಪ ಪೆನ್ಸಿಲಿನ ತುದಿಯಿಂದ ಅದನ್ನು ಮೆಲ್ಲಗೆ ಒರಗಿಸಿದ. ತಳಕ್ಕೆ ಮಸಿ ಹತ್ತಿರಲಿಲ್ಲ. ಬೆಳ್ಳಗೆ ಹೊಳೆಯುತ್ತಿತ್ತು, ಹೊಸ ತಪ್ಪಲೆಯ ಒಳಮೈ ಹಾಗೆ. ಮತ್ತೆ ನೆಟ್ಟಗೆ ನಿಲ್ಲಿಸಿ ರೆಕ್ಕೆಗಳ ಸಂದಿಗೆ ಭೂತಗನ್ನಡಿ ಹಿಡಿದ. ಒಂದು, ಎರಡು, ಹತ್ತು, ಹದಿನೇಳು.

ಹದಿನೇಳನೇ ಸಂದಿನಲ್ಲಿ ಏನೋ ಸಿಕ್ಕಿಕೊಂಡಿತ್ತು.

“ಕದಿರೇಶ, ಒಂದು ಸೂಜಿ ಕೊಡಪ್ಪ.”

ಸೂಜಿಗೆ ಮೀಟಿದಾಗ ಪೇಪರಿನ ಮೇಲೆ ಬಿದ್ದದ್ದು ಒಂದು ಅಕ್ಕಿಕಾಳು. ಅರಿಶಿನ ಹಚ್ಚಿದ್ದು. ಅಕ್ಷತೆ.

ಮೂವರೂ ಬಗ್ಗಿ ನೋಡಿದರು. ಹೊರಗೆ ಟೊಮ್ಯಾಟೊ ಲಾರಿಯೊಂದು ಹಾರನ್ ಹೊಡೆದುಕೊಂಡು ಮಾರ್ಕೆಟ್ಟಿನ ಕಡೆ ಹೋಯಿತು.

“ಮಾಧವ್ ಅವರೇ, ಆ ಕೋಣೆ ಎಷ್ಟು ಹೊತ್ತು ಉರೀತು?”

“ಎರಡು ಗಂಟೆ.”

“ಕಂಪ್ಯೂಟರ್ ಡಬ್ಬ?”

“ಸೊಟ್ಟಗಾಗೋಯ್ತು. ಒಳಗಿನ ಬೋರ್ಡೆಲ್ಲ ಬೂದಿ.”

“ಅಂಥಾ ಬೆಂಕಿ ಹೊಟ್ಟೇಲಿ ಎರಡು ಗಂಟೆ ಕೂತಿದ್ದ ಅಕ್ಕಿ, ಅನ್ನ ಕೂಡ ಆಗಲಿಲ್ವಲ್ಲ ಸಾಮಿ?”

ಕದಿರೇಶ ಫಕ್ಕನೆ ನಕ್ಕ. ಮಾಧವ್ ನಗಲಿಲ್ಲ. ಅವನ ಕಣ್ಣು ಅಕ್ಕಿಕಾಳಿನ ಮೇಲಿರಲಿಲ್ಲ, ತಾಮ್ರದ ಮೇಲಿತ್ತು. ತಾನೇ ಬೀಗ ಹಾಕಿ ಬಂದ ಮನೆಯೊಳಗಿಂದ ಯಾರೋ ಕೆಮ್ಮಿದ್ದು ಕೇಳಿದವನ ಮುಖ.

“ಗಾಳಿಗೆ ಬಂದು ಸೇರ್ಕೊಂಡಿರ್ಬೇಕು,” ಅಂದು ಎದ್ದ. “ಒಂದು ಟೀ ಕುಡಿದು ಬರ್ತೀನಿ.”

ಹೋದವನ ಬೆನ್ನು ನೋಡುತ್ತಾ ಮುನಿರಾಮಪ್ಪ ಒಳಗೊಳಗೇ ಬೀಗಿದ. ಅದು ತಪ್ಪು ಅಂತ ಅವನಿಗೆ ಗೊತ್ತಾಗುವುದಕ್ಕೆ ಇನ್ನೂ ಎರಡು ಗಂಟೆ ಬೇಕಾಗಿತ್ತು.

“ಒಂದು ಕಾಳು ಇಟ್ಕೊಂಡು ನಾನೇನು ಮಾಡ್ಲಿ ಅಣ್ಣ?” ಕದಿರೇಶ ಕಾಳನ್ನು ಕಾಗದದಲ್ಲಿ ಮಡಚಿ ಸಹಿ ಹಾಕಿ ಇಟ್ಟುಕೊಂಡ. “ಹನ್ನೆರಡೂವರೆಗೆ ಹುಡುಗನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಆಂಜಿ ಕಣ್ಣು ಬಿಟ್ಟಿಲ್ಲ. ಅವನು ಉಳೀದೆ ಹೋದ್ರೆ ವಂಶಿ ಮೇಲಿನ ಕೇಸು ಬೇರೆನೇ ಆಗುತ್ತೆ. ಅಷ್ಟರೊಳಗೆ ಗಟ್ಟಿಯಾಗಿ ಏನಾದ್ರೂ ತನ್ನಿ, ರಿಪೋರ್ಟಲ್ಲಿ ಬರೀತೀನಿ. ಇಲ್ಲಾಂದ್ರೆ ನನ್ನ ಕೈಯಲ್ಲಿಲ್ಲ.”

ಗೋಡೆಯ ಗಡಿಯಾರ ಎಂಟೂಮುಕ್ಕಾಲು ತೋರಿಸುತ್ತಿತ್ತು.

ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರಿನ ಪಕ್ಕ ವಂಶಿಯ ಅಕ್ಕ ಚಿತ್ರಾ ನಿಂತಿದ್ದಳು. ಎರಡು ದಿನದಿಂದ ತಲೆ ಬಾಚಿಕೊಂಡಿರಲಿಲ್ಲ. ಮುಳಬಾಗಿಲು ಠಾಣೆಯಲ್ಲಿದ್ದಾಗ ಇವರ ತಾಯಿ ಗುಂಡಮ್ಮನವರ ಕೈ ಸಾರು ಎಷ್ಟು ಸಲ ಉಂಡಿದ್ದನೋ ಮುನಿರಾಮಪ್ಪನಿಗೆ ಲೆಕ್ಕವಿಲ್ಲ. ಅದಕ್ಕೇ ನಿನ್ನೆ ಸಂಜೆ ಅವಳು ಶ್ರೀನಿವಾಸಪುರದ ಮಾವಿನ ತೋಟದವರೆಗೆ ಹುಡುಕಿಕೊಂಡು ಬಂದಾಗ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. “ಸತ್ಯ ಏನಿದೆಯೋ ಅದನ್ನ ಹುಡುಕ್ತೀನಮ್ಮ, ಅದು ಯಾರಿಗೆ ಕಹಿ ಆದ್ರೂ,” ಅಂದಿದ್ದ.

“ಏನಾಯ್ತು ಸಾರ್?”

“ಹತ್ತು, ದಾರೀಲಿ ಹೇಳ್ತೀನಿ. ಈ ತಾಮ್ರ ಮಾಡಿದ ಆಚಾರಿ ಮನೆ ತೋರಿಸು.”

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಹತ್ತಿದಳು.

ಮದ್ರಾಸ್ ರಸ್ತೆಯಲ್ಲಿ ಏಪ್ರಿಲ್ ಬಿಸಿಲು ಒಂಬತ್ತು ಗಂಟೆಗೇ ಹೆಗಲು ಸುಡುತ್ತಿತ್ತು. ಗಾಳಿಯ ಸದ್ದಿನ ಮೇಲೆ ಮುನಿರಾಮಪ್ಪ ಕೂಗಿ ಕೇಳಿದ: “ಅಲ್ಲಮ್ಮ, ಕಂಪ್ಯೂಟರಿಗೆ ತಾಮ್ರ ಯಾಕೆ? ಫ್ಯಾನು ಸಾಲ್ದಾ?”

“ಸಾಲ್ದು ಸಾರ್. ಹೆಬ್ಬೆರಳಿನ ಉಗುರಿನಷ್ಟು ಚಿಪ್ಪು. ಅದರೊಳಗೆ ಒಲೆ ಉರಿದ ಹಾಗೆ. ಕಂಪನಿ ಫ್ಯಾನು ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ನಮ್ಮ ಬೇಸಿಗೇಲಿ ಎರಡು ತಿಂಗಳು ಕಿರುಚಿಕೊಂಡು ಸತ್ತುಹೋಯ್ತು.”

“ಸತ್ರೆ ಏನಾಗುತ್ತೆ?”

“ಚಿತ್ರ ಒಡೆದುಹೋಗುತ್ತೆ. ಸ್ಟುಡಿಯೋದೋರು ಕುರುಡುಮಲೆ ದೇವಸ್ಥಾನ ಪೂರ್ತಿ ಕಂಪ್ಯೂಟರಲ್ಲಿ ಕಟ್ತಿದ್ರು. ಕಂಬ ಕಂಬಾನೂ ಅಳೆದು. ಹತ್ತು ನಿಮಿಷ ಒಳಗೆ ಓಡಾಡ್ತಿದ್ದ ಹಾಗೇ ಗಣಪತಿ ಮೈಮೇಲೆಲ್ಲ ಚೌಕಳಿ ಲುಂಗಿ ಉಡಿಸಿದ ಹಾಗೆ ಬಣ್ಣಬಣ್ಣದ ಚೌಕ ಬರೋದು. ಆಮೇಲೆ ಪರದೆ ಕಪ್ಪು.”

ಮುನಿರಾಮಪ್ಪ ನಗಬೇಕು ಅಂದುಕೊಂಡ. ಅವಳ ದನಿ ಬದಲಾಗಿತ್ತು.

“ತಾಮ್ರ ಕೂರಿಸಿದ ದಿನ ವಂಶಿ ನನ್ನ ಕರೆದು ತೋರಿಸ್ದ ಸಾರ್. ಮೊದಲು ಕತ್ತಲೆ. ಆಮೇಲೆ ಬಾಗಿಲಿಂದ ಬೆಳಗಿನ ಬಿಸಿಲು ಒಳಗೆ ಬಂತು, ಒಂದೊಂದೇ ಕಂಬ ದಾಟ್ಕೊಂಡು. ಕಲ್ಲಿನ ಮೇಲೆ ಎಣ್ಣೆ ಇಳಿದ ಗುರುತು ಕೂಡ ಕಾಣ್ತಿತ್ತು. ಬಿಸಿಲು ಗಣಪತಿ ಪಾದ ಮುಟ್ಟಿತು, ಹೊಟ್ಟೆಗೆ ಹತ್ತಿತು, ಸೊಂಡಿಲಿಗೆ ಹತ್ತಿತು. ನಾನು ಚಪ್ಪಲಿ ಬಿಟ್ಟುಬಿಟ್ಟೆ ಸಾರ್. ಸ್ಟುಡಿಯೋ ಅನ್ನೋದೇ ಮರೆತುಹೋಗಿತ್ತು. ಮೂರು ಗಂಟೆ ಹಾಗೇ ನಡೀತು. ಒಂದು ಚೌಕಾನೂ ಬರ್ಲಿಲ್ಲ.”

ಮುನಿರಾಮಪ್ಪ ಕುರುಡುಮಲೆಗೆ ನೂರು ಸಲ ಬಂದೋಬಸ್ತಿಗೆ ಹೋಗಿದ್ದ. ಬಿಸಿಲು ಎಲ್ಲಿಂದ ಹತ್ತುತ್ತದೆ ಅಂತ ಒಂದು ಸಲವೂ ನೋಡಿರಲಿಲ್ಲ.

“ಇಂಥದ್ದು ಎಷ್ಟು ಮಾಡಿಸಿದ್ದ ನಿನ್ನ ತಮ್ಮ?”

ಹಿಂದಿನಿಂದ ಉತ್ತರ ಬರಲು ಒಂದು ಮೈಲಿಗಲ್ಲಿನಷ್ಟು ಹೊತ್ತು ಹಿಡಿಯಿತು.

“ಅವನು ಕೇಳಿದ್ದು ಒಂದೇ ಸಾರ್.”

ಕೋದಂಡರಾಮಾಚಾರಿಯ ಮನೆ ಮುಳಬಾಗಿಲ ಆಂಜನೇಯ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಚಿತ್ರಾ ಒಳಗೆ ಬರಲಿಲ್ಲ. “ಇದ್ದಿಲ ಹೊಗೆ ನಂಗಾಗಲ್ಲ, ಇಲ್ಲೇ ಇರ್ತೀನಿ,” ಅಂದು ಬೀದಿಯಾಚೆ ಜಗಲಿಯ ನೆರಳಿಗೆ ಸರಿದಳು.

ಒಳಗೆ ಕುಲುಮೆ ನಿಧಾನವಾಗಿ ಉಸಿರಾಡುತ್ತಿತ್ತು. ಗೋಡೆಯುದ್ದಕ್ಕೂ ಹಂಡೆ, ತಂಬಿಗೆ, ಕಳಸ. ಎಲ್ಲವೂ ಎರಡೆರಡು, ಒಂದರ ಕಿವಿಗೆ ಇನ್ನೊಂದು ಗುಟ್ಟು ಹೇಳುವ ಹಾಗೆ ಜೋಡಿಸಿದ್ದವು. ಎಪ್ಪತ್ತೈದು ದಾಟಿದ ಆಚಾರಿ ಬರಿಮೈಯಲ್ಲಿ ಕೂತು ಒಂದು ತಗಡು ತಟ್ಟುತ್ತಿದ್ದ.

“ಏಮಪ್ಪಾ ದಫೇದಾರ! ಬದುಕಿದ್ದೀಯಾ ಇನ್ನೂ?”

“ನೀವು ಇರೋವಾಗ ನಂಗೇನು ಅವಸರ ಆಚಾರ್ರೇ?”

“ಆ ಹುಡುಗನ ವಿಷಯ ತಾನೇ? ಕೂತ್ಕೋ.” ಸುತ್ತಿಗೆ ಕೆಳಗಿಟ್ಟ. “ಅವನು ಬಂದು ತಾತ, ಬೆಂಕಿ ಹೊತ್ಕೊಂಡು ಹೋಗೋ ಪಾತ್ರೆ ಮಾಡ್ಕೊಡು ಅಂದ. ನೀರು ಹೊರೋದು ಮಾಡಿದ್ದೀನಿ, ಹಾಲು ಹೊರೋದು ಮಾಡಿದ್ದೀನಿ. ಬೆಂಕಿ ಹೊರೋದು ಅರವತ್ತು ವರ್ಷಕ್ಕೆ ಇದೇ ಮೊದಲು. ಮೂರು ವಾರ ನಿದ್ದೆ ಬರ್ಲಿಲ್ಲ ನಂಗೆ.”

ಮೂಲೆಯಿಂದ ಒಂದು ತುಂಡು ತೆಗೆದ. ಒಂಬತ್ತೇ ರೆಕ್ಕೆ, ಒಂದು ಬದಿ ಸೊಟ್ಟ.

“ಇದೂ ಒಂದು ಪಾತ್ರೆನಾ?”

“ಇದು ಪಾತ್ರೆ ಅಲ್ಲ ಕಣಯ್ಯ, ಮೊದಲ ಸಲ ಮಾಡಿದ ತಪ್ಪು. ತಪ್ಪಿಗೆ ಜೋಡಿ ಬೇಡ.” ಆಚಾರಿ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಬೋಗುಣಿಯನ್ನು ಮುಂದೆಳೆದ. “ರೆಕ್ಕೆ ತುದೀಲಿ ಹಿಡ್ಕೋ. ತಳ ನೀರಿಗೆ ಮುಟ್ಟಿಸು.”

ಮುನಿರಾಮಪ್ಪ ಮುಟ್ಟಿಸಿದ. ಒಂದು ಅಂತ ಎಣಿಸಿದ. ಎರಡು ಅನ್ನುವುದರೊಳಗೆ ಬೆರಳು ಚುರ್ ಅಂದು ಕೈ ಬಿಟ್ಟ. ತುಂಡು ಬೋಗುಣಿಯೊಳಗೆ ಠಣ್ ಅಂತ ಬಿತ್ತು.

“ಅಬ್ಬಾ!”

“ನೋಡಿದ್ಯಾ? ಶಾಖ ಅಂದ್ರೆ ನೀರಿದ್ದ ಹಾಗೆ. ನಿಲ್ಲಿಸಿದ್ರೆ ಮನೆ ಮುಳುಗಿಸುತ್ತೆ. ಕಾಲುವೆ ತೋಡಿಕೊಟ್ರೆ ಹರಿದು ಹೋಗುತ್ತೆ. ತಾಮ್ರ ಕಾಲುವೆ. ರೆಕ್ಕೆ ಗದ್ದೆ. ಗಾಳಿ ಬಂದು ಕುಡ್ಕೊಂಡು ಹೋಗ್ಬೇಕು, ಅಷ್ಟೆ.” ಮುದುಕನ ಕಣ್ಣುಗಳು ಕುಲುಮೆಗಿಂತ ಹೆಚ್ಚು ಹೊಳೆಯುತ್ತಿದ್ದವು. “ನಮ್ಮಪ್ಪ ಇದ್ದಿದ್ರೆ ಆ ಹುಡುಗನ ಕಾಲು ಹಿಡೀತಿದ್ದ. ಇಷ್ಟು ದಿನ ತಾಮ್ರಾನ ನಾವು ಬರೀ ಪಾತ್ರೆ ಅಂದ್ಕೊಂಡಿದ್ವಿ.”

ಮುನಿರಾಮಪ್ಪ ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ಕೂತ. ಹೆಬ್ಬೆರಳಿನ ಉಗುರಿನಷ್ಟು ಒಲೆ; ಅದರ ಮೇಲೆ ನಲವತ್ತೆಂಟು ರೆಕ್ಕೆಯ ಹಕ್ಕಿ; ಆ ಹಕ್ಕಿ ಕಾವು ಕೂತರೆ ಅದರ ಕೆಳಗಿಂದ ಒಂದು ದೇವಸ್ಥಾನ ಹುಟ್ಟುತ್ತದೆ. ಎಂಥ ಕಾಲ ಬಂತಪ್ಪ.

ಅಕ್ಕಿಕಾಳು ನೆನಪಾಯಿತು. ಹೇಳಿದ.

“ಅದು ನಾನು ಹಾಕಿದ್ದೇ. ಖಾಲಿ ಪಾತ್ರೆ ಈ ಹೊಸ್ತಿಲು ದಾಟೋಲ್ಲ. ಒಂದು ಹಿಡಿ ಅಕ್ಷತೆ ಹಾಕಿಯೇ ಕೊಡೋದು. ಇದಕ್ಕೆ ಹೊಟ್ಟೆನೇ ಇಲ್ಲ, ಬರೀ ಸಂದು. ಸಂದಿಗೇ ಹಾಕಿದೆ. ಹುಡುಗ ಬೈದ್ಕೊಂಡು ಒಂದೊಂದೇ ಕಾಳು ಊದಿ ಊದಿ ತೆಗೆದ.”

“ಎಲ್ಲಾನೂ ತೆಗೆದ್ನಾ?”

“ಬೆಳಕಿಗೆ ಹಿಡಿದು ನೋಡಿ ತೆಗೆದ. ಅದಕ್ಕಿಂತ ಕಲಾಯಿಗೆ ಹೆಚ್ಚು ಬೈದ.”

“ಕಲಾಯಿನಾ?”

“ತಳಕ್ಕೆ ಕಲಾಯಿ ಹಾಕದೆ ಪಾತ್ರೆ ಹೆಂಗಯ್ಯ ಕೊಡೋದು? ಕೈ ತಾನಾಗೇ ಹಾಕಿಬಿಡ್ತು. ಅವನು, ತಾತ, ಕಾಲುವೆ ಬಾಯಿಗೇ ಕಲ್ಲಿಟ್ಯಲ್ಲ ಅಂದ. ಇಲ್ಲೇ, ನೀನು ಕೂತಿದ್ದೀಯಲ್ಲ ಅಲ್ಲೇ ಕೂತು, ಗಾಜಿನ ಮೇಲೆ ವಾಟರ್ ಪೇಪರ್ ಇಟ್ಕೊಂಡು ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದ. ಕಲಾಯಿ ಎಲ್ಲ ಹೋಯ್ತು. ಕೆಂಪು ತಾಮ್ರದಲ್ಲಿ ನನ್ನ ಹಲ್ಲು ಕಾಣ್ತಿತ್ತು, ಇರೋ ನಾಲ್ಕೂ.”

ಮುನಿರಾಮಪ್ಪನ ಬಾಯಿಂದ ಬೆರಳು ಹೊರಗೆ ಬಂತು.

ಬೆಳಗ್ಗೆ ಪೆನ್ಸಿಲಿನಿಂದ ಒರಗಿಸಿದಾಗ ಕಂಡ ತಳ ಕೆಂಪಗಿರಲಿಲ್ಲ. ಬೆಳ್ಳಗಿತ್ತು. ಹೊಸ ತಪ್ಪಲೆಯ ಒಳಮೈ ಹಾಗೆ.

“ಆಚಾರ್ರೇ, ಠಾಣೇಲಿರೋದಕ್ಕೆ ಕಲಾಯಿ ಹಾಗೇ ಇದೆ.”

“ಹಾಗಾದ್ರೆ ಅದು ಹುಡುಗ ಕೂರಿಸಿದ್ದಲ್ಲ. ಬೆಂಕೀಲಿ ಬಿದ್ದಿದ್ದೂ ಅಲ್ಲ. ಅಂಥಾ ಬೆಂಕೀಲಿ ಕಲಾಯಿ ನಿಲ್ಲುತ್ತಾ? ಕರಗಿ ಕಣ್ಣೀರಿನ ಹಾಗೆ ಇಳಿದುಹೋಗುತ್ತೆ. ಅದು ಅದರ ಜೋಡಿ.”

“ಜೋಡಿನಾ? ಹುಡುಗ ಕೇಳಿದ್ದು ಒಂದೇ ಅಂತೆ.”

“ಅವನು ಕೇಳಿದ್ದು ಒಂದೇ. ಈ ಮನೇಲಿ ಒಂಟಿ ಪಾತ್ರೆ ಒಂದಕ್ಕೇ ಮಾಡೋದು, ಅಸ್ಥಿ ತುಂಬೋಕೆ. ಮಿಕ್ಕಿದ್ದೆಲ್ಲ ಜೋಡಿ. ಒಂದು ತಗೊಂಡು ಹೋದ್ರೂ ಇನ್ನೊಂದು ಅವರ ಹೆಸರಲ್ಲೇ ಇಲ್ಲಿ ಕಾಯ್ತಾ ಇರುತ್ತೆ. ನಮ್ಮ ತಾತನ ಕಾಲದಿಂದ ಹಾಗೇ.”

ಮುನಿರಾಮಪ್ಪನಿಗೆ ಗಟ್ಟಿ ಸಾಕ್ಷಿ ಸಿಕ್ಕಿಬಿಟ್ಟಿತ್ತು. ಠಾಣೆಯಲ್ಲಿರುವ ತಾಮ್ರ ಆ ಮಷಿನ್ನಿನದಲ್ಲ. ವಂಶಿ ಮಧ್ಯಾಹ್ನದೊಳಗೆ ಹೊರಗೆ ಬರಬಹುದು. ಗಡಿಯಾರ ನೋಡಿದ. ಹತ್ತೂ ಇಪ್ಪತ್ತು.

“ಆ ಎರಡನೇದು ಯಾರಿಗೆ ಕೊಟ್ರಿ?”

ಆಚಾರಿಗೆ ಪ್ರಶ್ನೆಯೇ ಅರ್ಥವಾಗದ ಹಾಗಿತ್ತು.

“ಯಾರಿಗೆ ಅಂದ್ರೆ? ಜೋಡಿ ಮುರಿಯೋಕಾಗುತ್ತಾ? ಅ‍ದೇ ಮನೆಗೆ.”

ಅದೇ ಮನೆ. ಹುಡುಗ ಒಬ್ಬ. ಹಾಸಿಗೆ ಬಿಟ್ಟೇಳದ ಗುಂಡಮ್ಮ ಒಬ್ಬರು. ಇನ್ನೊಬ್ಬಳು ಬೀದಿಯಾಚೆ ಜಗಲಿಯ ಮೇಲೆ ಕೂತಿದ್ದಾಳೆ.

“ಯಾವಾಗ?”

“ಸೋಮವಾರ, ಗೋಧೂಳಿ ಹೊತ್ತು. ದೀಪ ಹಚ್ಚೋ ಹೊತ್ತಲ್ಲಿ ಲೋಹ ಹೊರಗೆ ಕೊಡಬಾರ್ದು. ಅವನಕ್ಕ ಪಾಪ ಮಗು ಹಾಗೆ ಅಳ್ತಿತ್ತು, ಕೊಟ್ಟೆ. ಯಾಕಯ್ಯ? ತಪ್ಪಾಯ್ತಾ?”

ಸೋಮವಾರ ಗೋಧೂಳಿ. ಬೆಂಕಿ ಆರಿ ನಾಲ್ಕು ಗಂಟೆ ಕಳೆದ ಮೇಲೆ.

ಮುನಿರಾಮಪ್ಪ ಹೊರಗೆ ಬಂದ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಚಿತ್ರಾ ಓಡಿಹೋಗಿರಲಿಲ್ಲ. ಸ್ಕೂಟರಿನ ಹತ್ತಿರ ಬಂದು ನಿಂತಿದ್ದಳು.

“ತಾತ ಹೇಳಿಬಿಟ್ರಾ?” ಅಂದಳು.

“ತಮ್ಮನ್ನೇ ಸಿಕ್ಕಿಸೋಕೆ ಹೊರಟ್ಯಾ ತಾಯಿ?”

“ಇಲ್ಲ ಸಾರ್! ದೇವರಾಣೆ ಇಲ್ಲ.” ಅವಳು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡಳು. “ಬೆಂಕಿ ಆರಿದ ಮೇಲೆ ವಂಶಿ ಎಲ್ಲಿ ಅಂತ ಓಡಿಹೋದೆ. ಆಗ್ಲೇ ಮಾಧವ್ ಬೀದೀಲಿ ನಿಂತು ಇವನ ಹೆಸರು ಕೂಗ್ತಿದ್ದ. ಮಹಡಿ ಮೇಲಿನ ಕೋಣೇಲಿ ಮಷಿನ್ ಡಬ್ಬ ಬಾಯಿ ತೆರ್ಕೊಂಡು ಬಿದ್ದಿತ್ತು. ಒಳಗೆ ತಾಮ್ರ ಇರ್ಲಿಲ್ಲ.”

“ಕರಗಿರ್ಬಹುದಲ್ಲ?”

“ಎಲ್ರೂ ಅದನ್ನೇ ಹೇಳ್ತಿದ್ರು. ನಾನು ಕಾಲೇಜಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡ್ಕೊಳ್ಳೋಳು ಸಾರ್. ತಾಮ್ರ ಕರಗೋಕೆ ಸಾವಿರದ ಎಂಬತ್ತೈದು ಡಿಗ್ರಿ ಬೇಕು. ಪಕ್ಕದಲ್ಲೇ ಆಂಜಿಯ ಗಾಜಿನ ಟೀ ಲೋಟ ಬಿದ್ದಿತ್ತು. ಸೀಳು ಬಿಟ್ಟಿತ್ತು, ಕರಗಿರ್ಲಿಲ್ಲ. ಗಾಜೇ ಕರಗದ ಕೋಣೇಲಿ ತಾಮ್ರ ಎಲ್ಲಿ ಹೋಯ್ತು? ಕಾರ್ಡು, ತಾಮ್ರ, ದೇವಸ್ಥಾನ ತುಂಬಿದ ಡಿಸ್ಕು, ಎಲ್ಲ ಬೆಂಕಿಗೆ ಮುಂಚೆನೇ ಯಾರೋ ಸಾಗಿಸಿದ್ದಾರೆ.”

“ಅದಕ್ಕೆ ನೀನು ಜೋಡಿ ತಂದು ಇಟ್ಟೆ.”

“ಮಂಗಳವಾರ ಬೆಳಗ್ಗೆ ಆರು ಗಂಟೆಗೆ. ಮಸಿ ಬಳಿದು ಆ ಡಬ್ಬದೊಳಗೆ ಇಟ್ಟೆ. ತಳ ಮಾತ್ರ ಬಿಟ್ಟೆ. ಮಾಧವ್ ಸಾಗಿಸಿದೋನೇ ಆದ್ರೆ ಇದು ಅದಲ್ಲ ಅಂತ ಅವನಿಗೆ ಗೊತ್ತಿರುತ್ತೆ. ಆದ್ರೂ ಹೌದು ಅದೇ ಅಂದ್ರೆ ಸಿಕ್ಕಿಬಿದ್ದ ಹಾಗೆ ಅಂತ. ಅಂದ. ಸಹಿ ಹಾಕ್ದ. ಆದ್ರೆ ಅದೇ ತಾಮ್ರ ಹಿಡ್ಕೊಂಡು ಪೊಲೀಸ್ರು ವಂಶಿನ ಎಳ್ಕೊಂಡು ಹೋಗ್ತಾರೆ ಅಂತ ನಾನು ಎಣಿಸಿರ್ಲಿಲ್ಲ.”

“ಅಕ್ಕಿಕಾಳು?”

“ಸಿಕ್ಕಿಕೊಂಡಿದ್ದು ನೋಡಿದೆ. ತೆಗೆಯೋಕೆ ಸೂಜಿನೂ ಹಿಡಿದೆ. ಆಮೇಲೆ ಬಿಟ್ಟೆ. ಕಣ್ಣಿದ್ದೋರು ಯಾರಾದ್ರೂ ನೋಡ್ಲಿ ಅಂತ. ಅದಕ್ಕೇ ಸಾರ್ ನಿಮ್ಮ ತೋಟಕ್ಕೆ ಬಂದಿದ್ದು.”

ಮುನಿರಾಮಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೆರಗು. ಕಳ್ಳನ ಎದುರಿಗೆ ಕನ್ನಡಿ ಇಟ್ಟು, ಅವನ ಕೈಯಲ್ಲೇ ಅದಕ್ಕೆ ಸಹಿ ಹಾಕಿಸಿದ್ದಾಳೆ ಈ ಹುಡುಗಿ.

“ಸುಳ್ಳು ಸಾಕ್ಷಿ ಇಡೋದು ಜೈಲಿಗೆ ಹೋಗೋ ಕೆಲಸ ಕಣಮ್ಮ.”

“ಗೊತ್ತು ಸಾರ್. ಅವನು ಹೊರಗೆ ಬಂದ ಮೇಲೆ ನಾನೇ ಹೋಗಿ ಹೇಳ್ತೀನಿ. ಮಾಧವ್‌ನ ಸಹಿ ಒಂದು ನಿಂತ್ರೆ ಸಾಕು.”

ಜೇಬಿನಲ್ಲಿ ನೋಕಿಯಾ ಬಡಿದುಕೊಂಡಿತು. ಕದಿರೇಶ.

“ಮುನಿರಾಮಣ್ಣ, ಮಾಧವ್ ವಕೀಲರನ್ನ ಕರ್ಕೊಂಡು ವಾಪಸ್ ಬಂದವ್ನೆ. ನಿನ್ನೆ ಗಾಬರೀಲಿ ಸಹಿ ಹಾಕ್ಬಿಟ್ಟೆ, ಆ ತಾಮ್ರ ನನ್ನ ಮಷಿನ್‌ದಲ್ಲ ಅಂತ ಬರ್ದುಕೊಟ್ಟವ್ನೆ.”

“ಏನಂದೆ?”

“ಯಾರೋ ಬೇಕಂತ ತಂದಿಟ್ಟವ್ರೆ, ಬೆಂಕಿ ಇಟ್ಟೋರೂ ಅವ್ರೇ ಅಂತಾನೆ. ಬೆಳಗ್ಗೆ ನೀವು ಆ ಕಾಳು ತೋರಿಸಿದ್ದೇ ತೋರಿಸಿದ್ದು ಅಣ್ಣ, ಅವನಿಗೆ ಹೊಳೆದ್ಬಿಡ್ತು. ಮಾಡಿದ್ದು ಮುಳಬಾಗಿಲ ಆಚಾರಿ ತಾನೇ? ಜೀಪ್ ಹೊರಟಿದೆ, ನಾನೂ ಅದರಲ್ಲೇ ಇದ್ದೀನಿ. ಇಂಥದ್ದು ಇನ್ನೊಂದು ಯಾರಿಗೆ ಕೊಟ್ಟೆ ಅಂತ ಕೇಳೋದೊಂದೇ ಬಾಕಿ.”

ಮುನಿರಾಮಪ್ಪ ಫೋನು ಇಳಿಸಿದ. ಅನ್ನ ಕೂಡ ಆಗಲಿಲ್ವಲ್ಲ ಸಾಮಿ! ತಾನೇ ಆಡಿದ ಹಾಸ್ಯ ಕಿವಿಯಲ್ಲಿ ಗುಂಯ್‌ಗುಟ್ಟಿತು. ಹುಡುಗಿ ಎರಡು ದಿನ ಉಸಿರು ಹಿಡಿದು ಒಡ್ಡಿದ ಬಲೆಯನ್ನು ಅವನು ಒಂದು ನಗೆಗೆ ಹರಿದಿದ್ದ.

ಪಕ್ಕದಲ್ಲೇ ನಿಂತಿದ್ದ ಚಿತ್ರಾಗೆ ಫೋನಿನ ಮಾತೆಲ್ಲ ಕೇಳಿಸಿತ್ತು.

ಹಿಂದೆ ಬಾಗಿಲು ಕಿರ್ ಅಂದಿತು. ಕೋದಂಡರಾಮಾಚಾರಿ ಹೊಸ್ತಿಲ ಮೇಲೆ ನಿಂತಿದ್ದ. ಮುಚ್ಚಿದ ಮುಷ್ಟಿಯಲ್ಲಿ ಅಕ್ಷತೆ.

“ಬರಿಗೈಲಿ ಹೋಗಬೇಡ ಮಗಳೇ, ಸೆರಗೊಡ್ಡು. ಏನಯ್ಯ ದಫೇದಾರ, ಮುಖ ಯಾಕೆ ಹಾಗಾಯ್ತು? ಯಾರಾದ್ರೂ ಬರ್ತಾವ್ರಾ?”

“ಪೊಲೀಸ್ರು ಬರ್ತಾವ್ರೆ ಆಚಾರ್ರೇ. ಎರಡನೇದು ಯಾರಿಗೆ ಕೊಟ್ರಿ ಅಂತ ಕೇಳ್ತಾರೆ.”

“ಬರ್ಲಿ. ಅದಕ್ಕೇನಂತೆ? ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ತಾಮ್ರ ಮುಟ್ಟೋ ಕೈ ಇದು, ಸುಳ್ಳು ಹೇಳಿದ್ರೆ ನಾಳೆ ಸುತ್ತಿಗೆ ಮಾತು ಕೇಳುತ್ತಾ?”

ಚಿತ್ರಾ ವೇಲು ಒಡ್ಡಿದಳು. ಹಳದಿ ಕಾಳುಗಳು ಒಂದೊಂದಾಗಿ ಅದರೊಳಗೆ ಉದುರಿದವು.

ಮೂವತ್ತಮೂರು ವರ್ಷ ಸಾಕ್ಷಿಗಳಿಗೆಲ್ಲ ನಿಜ ಹೇಳಿ ನಿಜ ಹೇಳಿ ಅಂತ ಗದರಿದ್ದ ಮುನಿರಾಮಪ್ಪ, ಒಬ್ಬ ಮುದುಕ ಒಂದೇ ಒಂದು ಸುಳ್ಳು ಹೇಳಲಿ ಅಂತ ಮೊದಲ ಸಲ ಮನಸ್ಸಿನಲ್ಲೇ ಬೇಡಿಕೊಂಡ.